ಹಿಮ್ಮರಳುವ ನೀರಿನಿಂದ ಕುಡಿಯುವ ನೀರಿಗೆ ಒದಗುವ ಕೇಡು

ಕೊಳಾಯಿಯ ನೀರು ಯಾವಾಗಲೂ ಮುಂದಕ್ಕೇ ಹರಿಯುವುದೆಂದು ಅನೇಕರು ನಂಬಿರುವರು. ಇದು ಸರಿಯಲ್ಲ. ಪಂಪು ನಿಂತಾಗಲೂ, ತಗ್ಗಿನಲ್ಲಿ ಕೊಳವೆಯು ಒಡೆದಾಗಲೂ ಒಳಗಿನ ನೀರು ಹಿಂದಕ್ಕಿಳಿದು, ಮೇಲುಭಾಗದಲ್ಲಿ ಸೆಳೆತವುಂಟಾಗುವುದು. ಆ ಸಮಯದಲ್ಲಿ ರಬ್ಬರು ಕೊಳವೆಯ ತುದಿಯು ಕೀಟನಾಶಕದ ಪೀಪಾಯಿಯಲ್ಲಾಗಲಿ ದನದ ತೊಟ್ಟಿಯಲ್ಲಾಗಲಿ ಮುಳುಗಿದ್ದರೆ, ಅಲ್ಲಿಯ ವಿಷವೂ ಕಲ್ಮಷವೂ ಕುಡಿಯುವ ನೀರನ್ನು ಸೇರುವುವು. ಕೀಟನಾಶಕವು ಬೆರೆತ ನೀರನ್ನು ಕುದಿಸಿದರೂ ಅದರ ದೋಷವು ಹೋಗದು.

1933ನೆಯ ಇಸವಿಯಲ್ಲಿ ಅಮೆರಿಕದ ಚಿಕಾಗೋ ನಗರದಲ್ಲಿ ವಿಶ್ವಪ್ರದರ್ಶನವು ನಡೆಯುತ್ತಿದ್ದಾಗ, ಎರಡು ಹೋಟೆಲುಗಳ ಕೊಳವೆಗಳ ದೋಷದಿಂದ ಹೊಲಸು ನೀರು ಕುಡಿಯುವ ನೀರಿನೊಡನೆ ಬೆರೆತು, ಆಮಶಂಕೆಯು ಹರಡಿ, 98 ಮಂದಿ ಮೃತರಾದರು.

ನಿವಾರಣೋಪಾಯಗಳು:

1. ನೀರು ಬೀಳುವ ತುದಿಗೂ ಪಾತ್ರೆಯ ಅಂಚಿಗೂ ನಡುವೆ, ಕೊಳವೆಯ ಅಗಲದ ಎರಡರಷ್ಟು, ಒಂದು ಅಂಗುಲಕ್ಕೆ ಕಡಮೆಯಾಗದಂತೆ, ತೆರಪನ್ನು ಬಿಡತಕ್ಕದ್ದು. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಇದರಷ್ಟು ನಂಬತಕ್ಕ ಉಪಾಯವೂ ಬೇರೊಂದಿಲ್ಲ.

2. ಹನಿ ನೀರಾವರಿಯಲ್ಲಿ ಪಂಪಿಗೂ ಗೊಬ್ಬರ ಬೆರೆಸುವ ಸ್ಥಳಕ್ಕೂ ನಡುವೆ, ನಾನ್ ರಿಟರ್ನ್ ವಾಲ್ವ್ ಎಂಬ ತಡೆಕವಾಟವನ್ನು ಇಡತಕ್ಕದ್ದು. ಅದು ಕಾಲಕ್ರಮದಲ್ಲಿ ಸವೆಯುವುದರಿಂದ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು.

3. ತೋಟದ ಬಾವಿಯ ಕೊಳವೆಯನ್ನು ಊರಿನ ಕೊಳಾಯಿಗೆ ಎಂದಿಗೂ ಜೋಡಿಸಕೂಡದು.

4. ಊರಿನ ಕೊಳಾಯಿಗೆ ಮೋಟಾರನ್ನು ಹಚ್ಚಿ ನೀರೆಳೆಯಕೂಡದು. ಹಾಗೆ ಎಳೆದರೆ ಕೊಳವೆಯ ಬಿರುಕುಗಳ ಮೂಲಕ ಚರಂಡಿಯ ನೀರು ಒಳಕ್ಕೆ ನುಗ್ಗುವುದು.

ಒಂದು ಮನೆಯ ಅಜಾಗ್ರತೆಯಿಂದ ಊರಿನ ನೀರೆಲ್ಲವೂ ಕೆಡಬಹುದು. ಆದುದರಿಂದ ಗ್ರಾಮದ ಮುಖಂಡರು ಮೊದಲು ತಮ್ಮ ತೊಟ್ಟಿ, ಪೀಪಾಯಿಗಳನ್ನು ಸರಿಪಡಿಸಿಕೊಂಡು, ಅನಂತರ ನೆರೆಹೊರೆಯವರಿಗೆ ತಿಳಿಯಹೇಳುವುದು ಯುಕ್ತವು.