ಹಣೆಯ ಮೇಲಿನ ಅಕ್ಷರ

ಫ್ರಾನ್ಸಿಸ್ಕನ್ ಸಭೆಗಳ ಸದಸ್ಯರ ಕೊರಳಲ್ಲಿ ಮರದಿಂದ ಮಾಡಿದ ಒಂದು ಚಿಕ್ಕ ಗುರುತನ್ನು ನೀವು ನೋಡಿರಬಹುದು. ಶಿಲುಬೆಯಂತೆಯೇ ಇದೆ, ಆದರೆ ಅಡ್ಡಪಟ್ಟಿಯ ಮೇಲೆ ಏನೂ ಇಲ್ಲ. "ಅದು ಇಂಗ್ಲಿಷಿನ ಟಿ ಅಕ್ಷರವೇ?" ಎಂದು ಮಕ್ಕಳು ಕೇಳುವುದುಂಟು. ಅವರ ಊಹೆ ಪೂರ್ತಿ ತಪ್ಪಲ್ಲ. ಅದು ಅಕ್ಷರವೇ ಹೌದು. ಅದರ ಹೆಸರು ತಾವ್. ಇಂಗ್ಲಿಷಿನ ಟಿ ಅಕ್ಷರ ಅದರ ವಂಶದ್ದೇ.

ನಮ್ಮ ವರ್ಣಮಾಲೆ 'ಅ'ದಿಂದ ಆರಂಭವಾಗಿ 'ಳ'ದಲ್ಲಿ ಮುಗಿಯುವಂತೆ, ಹಿಬ್ರೂ ವರ್ಣಮಾಲೆಯ 22 ಅಕ್ಷರಗಳು ಆಲೆಫ್‌ನಿಂದ ಆರಂಭವಾಗಿ ತಾವ್‌ನಲ್ಲಿ ಮುಗಿಯುತ್ತವೆ. ಹಳೆಯ ಹಿಬ್ರೂ ಬರಹದಲ್ಲಿ ಈ ಕೊನೆಯ ಅಕ್ಷರವನ್ನು ಒಂದನ್ನೊಂದು ದಾಟುವ ಎರಡು ಗೀಟುಗಳಾಗಿ ಬರೆಯುತ್ತಿದ್ದರು. ತಾವ್ ಎಂಬ ಪದಕ್ಕೆ 'ಗುರುತು' ಎಂದೇ ಅರ್ಥ. ನಮ್ಮಲ್ಲಿ ಓದುಬರಹ ಬಾರದವರು ಹೆಬ್ಬೆಟ್ಟು ಒತ್ತುವಂತೆ, ಅದು ಸಹಿಯೂ ಆಗಿತ್ತು. ಯೋಬನು ತನ್ನ ವಾದವನ್ನೆಲ್ಲ ಮುಗಿಸಿ ದೇವರ ಮುಂದೆ 'ಇಗೋ ನನ್ನ ಸಹಿ' ಎನ್ನುವಾಗ (31:35) ಮೂಲದಲ್ಲಿರುವುದು ಇದೇ ಪದ.

ಈ ಅಕ್ಷರಕ್ಕೆ ವಿಶ್ವಾಸದ ಅರ್ಥ ಬಂದದ್ದು ಯೆಜೆಕಿಯೇಲ ಪ್ರವಾದಿಯ ಗ್ರಂಥದ 9ನೇ ಅಧ್ಯಾಯದಿಂದ. ಪ್ರವಾದಿ ಬಾಬಿಲೋನಿನಲ್ಲಿ ಸೆರೆಯಲ್ಲಿದ್ದಾಗ, ಕ್ರಿ.ಪೂ. 592ರ ಸುಮಾರಿಗೆ, ಜೆರುಸಲೇಮಿನ ನ್ಯಾಯತೀರ್ಪಿನ ದರ್ಶನ ಕಂಡನು. ನಗರವನ್ನು ಸಂಹರಿಸಲು ಆರು ಮಂದಿ ಆಯುಧ ಹಿಡಿದು ನಿಂತಿದ್ದರು. ಅವರ ನಡುವೆ ನಾರುಬಟ್ಟೆ ತೊಟ್ಟ ಒಬ್ಬನ ಸೊಂಟದಲ್ಲಿ ಮಾತ್ರ ಬರೆಯುವ ಸಲಕರಣೆ ಇತ್ತು. ಅವನು ಮೊದಲು ಬೀದಿಬೀದಿ ಸುತ್ತಿ ಕೆಲವರ ಹಣೆಯ ಮೇಲೆ ತಾವ್ ಬರೆಯಬೇಕಿತ್ತು. ಆ ಗುರುತು ಇದ್ದವರನ್ನು ಯಾರೂ ಮುಟ್ಟುವಂತಿರಲಿಲ್ಲ.

ಆ ಗುರುತು ದೊರೆತದ್ದು ಯಾರಿಗೆ? ಶ್ರೀಮಂತರಿಗಲ್ಲ, ಹುದ್ದೆಯಲ್ಲಿದ್ದವರಿಗಲ್ಲ. ನಗರದಲ್ಲಿ ನಡೆಯುತ್ತಿದ್ದ ಅನ್ಯಾಯ ಅಸಹ್ಯಗಳನ್ನು ಕಂಡು ನಿಟ್ಟುಸಿರಿಟ್ಟು ಅತ್ತವರಿಗೆ. ತೀರ್ಪು ಆರಂಭವಾದದ್ದು ಎಲ್ಲಿಂದ? ಸಂತೆಯಿಂದಲ್ಲ, ದೇವಾಲಯದಿಂದಲೇ, ಅಲ್ಲಿದ್ದ ಹಿರಿಯರಿಂದಲೇ. ದೇವಾಲಯದಲ್ಲಿ ನಿಂತಿದ್ದ ಮಾತ್ರಕ್ಕೆ ಅವರ ಹಣೆಗೆ ಗುರುತು ಬೀಳಲಿಲ್ಲ. ಇದನ್ನು ಓದುವಾಗ ಪ್ರತಿ ಭಾನುವಾರ ತಪ್ಪದೆ ಬಲಿಪೂಜೆಗೆ ಬರುವ ನಮಗೂ ಸ್ವಲ್ಪ ನಡುಕ ಹುಟ್ಟಬೇಕು.

ಮುಂದೆ ಕ್ರೈಸ್ತರು ಈ ಅಕ್ಷರದಲ್ಲಿ ಪ್ರಭುವಿನ ಶಿಲುಬೆಯನ್ನು ಕಂಡರು. ಸುಮಾರು 200ರ ಕಾಲದ ತೆರ್ತುಲಿಯನ್ ಹಾಗೆ ಬರೆದಿದ್ದಾನೆ. ಬೈಬಲನ್ನು ಲತೀನಿಗೆ ಅನುವಾದಿಸಿದ ಸಂತ ಜೆರೋಮರು ಈ ಭಾಗದಲ್ಲಿ ತಾವ್ ಎಂಬ ಅಕ್ಷರದ ಹೆಸರನ್ನು ಹಾಗೆಯೇ ಉಳಿಸಿಕೊಂಡರು. ಗ್ರೀಕರಲ್ಲಿ ಅಕ್ಷರಗಳೇ ಅಂಕಿಗಳೂ ಆಗಿದ್ದವು. ಅವರ ತಾವ್‌ನ ಬೆಲೆ 300.

ಈ ಅಕ್ಷರ ಸೇವೆಯ ಲಾಂಛನವೂ ಆಯಿತು. ರೈ ಧಾನ್ಯಕ್ಕೆ ತಗಲುವ ಒಂದು ಬೂಷ್ಟಿನ ವಿಷದಿಂದ ಮಧ್ಯಯುಗದ ಯುರೋಪಿನಲ್ಲಿ ಜನರ ಕೈಕಾಲು ಉರಿದು ಕರಿಕಟ್ಟಿ ಉದುರುತ್ತಿದ್ದವು. ಅದನ್ನು 'ಸಂತ ಅಂತೋನಿಯ ಬೆಂಕಿ' ಎನ್ನುತ್ತಿದ್ದರು. ಈ ರೋಗಿಗಳನ್ನು ನೋಡಿಕೊಳ್ಳಲು 1095ರ ಸುಮಾರಿಗೆ ಫ್ರಾನ್ಸಿನಲ್ಲಿ ಹುಟ್ಟಿದ ಸಹೋದರರ ಸಭೆಯವರು ಕಪ್ಪು ನಿಲುವಂಗಿಯ ಮೇಲೆ ನೀಲಿ ತಾವ್ ಧರಿಸುತ್ತಿದ್ದರು. ಬೇರೆಯವರ ನೋವನ್ನು ಕಂಡು ಮರುಗಿದವರ ಮೈಮೇಲೆ ಆ ಗುರುತು ಸರಿಯಾಗಿಯೇ ಇತ್ತು.

1215ರಲ್ಲಿ ನಾಲ್ಕನೆಯ ಲ್ಯಾಟರನ್ ಮಹಾಸಭೆಯನ್ನು ಆರಂಭಿಸುವಾಗ ಮೂರನೆಯ ಇನ್ನೋಸೆಂಟ್ ಜಗದ್ಗುರುಗಳು ಯೆಜೆಕಿಯೇಲನ ಇದೇ ದರ್ಶನವನ್ನು ಎತ್ತಿಕೊಂಡು, ಧರ್ಮಸಭೆಯ ಸುಧಾರಣೆಗೆ ಕರೆಕೊಟ್ಟರು. ಅದೇ ಕಾಲದ ಅಸ್ಸೀಸಿಯ ಸಂತ ಫ್ರಾನ್ಸಿಸರಿಗೂ ಈ ಅಕ್ಷರ ಬಹಳ ಪ್ರಿಯ. ಪತ್ರಗಳಿಗೆ ಅದನ್ನೇ ಸಹಿಯಾಗಿ ಹಾಕುತ್ತಿದ್ದರು, ಕೋಣೆಯ ಗೋಡೆಗಳ ಮೇಲೂ ಬರೆಯುತ್ತಿದ್ದರು. 1224ರಲ್ಲಿ ಲಾವೆರ್ನಾ ಬೆಟ್ಟದಲ್ಲಿ ಅವರ ಜೊತೆಗಾರ ಲಿಯೋ ಸಹೋದರರ ಮನಸ್ಸು ಕಳವಳಗೊಂಡಿತ್ತು. ಫ್ರಾನ್ಸಿಸರು ಒಂದು ಚಿಕ್ಕ ಚರ್ಮಪತ್ರದ ಮೇಲೆ ಸ್ವಂತ ಕೈಯಿಂದ ಆಶೀರ್ವಾದ ಬರೆದು, ಅದರಲ್ಲಿ ತಾವ್ ಗುರುತು ಬಿಡಿಸಿ ಕೊಟ್ಟರು. ಲಿಯೋ ಅದನ್ನು ಮಡಚಿ ಸಾಯುವವರೆಗೂ ಜತೆಯಲ್ಲೇ ಇಟ್ಟುಕೊಂಡರು. ಇಂದಿಗೂ ಅದು ಅಸ್ಸೀಸಿಯಲ್ಲಿದೆ.

ಜ್ಞಾನಸ್ನಾನದ ದಿನ ನಮ್ಮ ಹಣೆಯ ಮೇಲೂ ಶಿಲುಬೆಯ ಗುರುತು ಬಿದ್ದಿದೆ. ದೃಢೀಕರಣದಲ್ಲಿ ತೈಲದಿಂದ, ವಿಭೂತಿ ಬುಧವಾರ ಬೂದಿಯಿಂದ ಮತ್ತೆ ಬೀಳುತ್ತದೆ. ದಿನವೂ ನಾವೇ ಆ ಗುರುತು ಹಾಕಿಕೊಳ್ಳುತ್ತೇವೆ, ಕೆಲವೊಮ್ಮೆ ನೊಣ ಓಡಿಸಿದಷ್ಟು ಅವಸರದಲ್ಲಿ. ಆದರೆ ಯೋಬನ ಮಾತಿನಂತೆ ಅದು ನಮ್ಮ ಸಹಿ. ಸಹಿ ಹಾಕಿದವನು ಮಾತಿಗೆ ಬದ್ಧನು.

ಯಾವ ಮಾತಿಗೆ? ಊರಿನ, ಧರ್ಮಕೇಂದ್ರದ, ನೆರೆಮನೆಯ ತಪ್ಪುಗಳನ್ನು ಊಟದ ಹೊತ್ತಿನಲ್ಲಿ ನಾವು ಎಷ್ಟೊಂದು ಎತ್ತಾಡುತ್ತೇವೆ! ಆದರೆ ದೂರುವುದು ಬೇರೆ, ಮರುಗುವುದು ಬೇರೆ. ದೂರುವವನು ಹೊರಗೆ ನಿಂತು ಬೆರಳು ತೋರಿಸುತ್ತಾನೆ. ಮರುಗುವವನು 'ಇದು ನನ್ನ ಮನೆ, ಇದರಲ್ಲಿ ನನ್ನ ಪಾಲೂ ಇದೆ' ಎಂದು ಒಳಗೆ ನಿಂತು ಅಳುತ್ತಾನೆ. ತಾವ್ ಬಿದ್ದದ್ದು ಇಂಥವನ ಹಣೆಗೆ.

ಹಿಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ರಚಿತವಾದ 119ನೇ ಕೀರ್ತನೆಯನ್ನು ಗಮನಿಸಿ. ದೇವರ ಆಜ್ಞೆಗಳ ಮೇಲಿನ ಪ್ರೀತಿಯನ್ನು ಹಾಡುತ್ತಾ 175 ವಚನಗಳನ್ನು ದಾಟಿದ ಕೀರ್ತನಕಾರ, ತಾವ್ ಅಕ್ಷರದ ಕೊನೆಯ ವಚನದಲ್ಲಿ ತಾನು ದಾರಿ ತಪ್ಪಿದ ಕುರಿಯೆಂದು ಒಪ್ಪಿಕೊಂಡು, ತನ್ನನ್ನು ಹುಡುಕಿಕೋ ಎಂದು ದೇವರನ್ನು ಬೇಡುತ್ತಾನೆ. ಕೊನೆಯ ಅಕ್ಷರಕ್ಕೆ ಇದಕ್ಕಿಂತ ಒಪ್ಪುವ ಪ್ರಾರ್ಥನೆ ಬೇರೆ ಬೇಕೆ?

ಈ ವಾರ ಜಪಮಾಲೆ ಮುಗಿದು ಮಕ್ಕಳು ಆಶೀರ್ವಾದ ಬೇಡಲು ಬಂದಾಗ, ತಂದೆತಾಯಂದಿರೇ, ಅವರ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತನ್ನು ನಿಧಾನವಾಗಿ ಬರೆಯಿರಿ. ಯಾಕೆಂದು ಕೇಳಿದರೆ ಈ ಅಕ್ಷರದ ಕಥೆ ಹೇಳಿ. ಬಳಿಕ ನೀವೂ ಒಮ್ಮೆ ಅವರ ಮುಂದೆ ತಲೆಬಾಗಿ, ಅವರ ಪುಟ್ಟ ಬೆರಳಿನಿಂದ ನಿಮ್ಮ ಹಣೆಗೂ ಅದನ್ನು ಬರೆಸಿಕೊಳ್ಳಿ.