ಮಾಸನ್ನು ಹೂಳಲು ಬಿಡಬೇಡ

ಕುಣಿಗಲ್‌ನ ಕುದುರೆ ಫಾರಂಗೆ ಡಾಕ್ಟರಾಗಿ ಹೊರಟಿದ್ದೀಯಂತೆ, ಸಂತೋಷ ಮಗಳೇ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರು ಅದು. ನಮ್ಮ ವಾಮಂಜೂರಿನಲ್ಲಿ ನೀನು ನೋಡಿದ್ದು ದನ, ನಾಯಿ, ಹೆಚ್ಚೆಂದರೆ ಪಿಲಿಕುಳದ ಪ್ರಾಣಿಗಳು. ಹಾಗಾಗಿ ಒಂದು ಮಾತು ಕಿವಿಗೆ ಹಾಕುತ್ತೇನೆ.

ಕೆಲವು ಸಲ ದಿನ ತುಂಬಿ ಹುಟ್ಟಿದ ಕುದುರೆಮರಿಯೂ ಏಳಲಾರದು, ಮೊಲೆ ಹಿಡಿಯದು, ಏದುಸಿರು ಬಿಡುತ್ತದೆ, ಕಣ್ಣು ಹಳದಿ. ಎರಡು ಮೂರು ದಿನಕ್ಕೆ ಸತ್ತೇ ಹೋಗುತ್ತದೆ. ಗಿಣ್ಣುಹಾಲು ಸಾಲದೆ ನಂಜಾಯಿತು ಅನ್ನುತ್ತಾರೆ. ಬಹಳ ಸಲ ಅದು ನಿಜವೂ ಹೌದು. ಆದರೆ ಆಂಟಿಬಯೋಟಿಕ್‌ಗೆ ಬಗ್ಗಲಿಲ್ಲ, ರಕ್ತದಲ್ಲಿ ಬಿಳಿ ಕಣ ತೀರ ಇಳಿದಿದೆ, ಅದೇ ಲಾಯದಲ್ಲಿ ಬೇರೊಂದು ಕುದುರೆ ತಿಂಗಳು ತುಂಬುವ ಮೊದಲೇ ಕಂದು ಹಾಕಿದೆ ಎಂದಾದರೆ ಇಎಚ್‌ವಿ-1 ಎಂಬ ಹರ್ಪಿಸ್ ವೈರಸ್ಸನ್ನು ಸಂಶಯಿಸು. ತಾಯಿಯ ಹೊಟ್ಟೆಯಲ್ಲೇ ತಗಲಿದ ಸೋಂಕಾದರೆ ಮರಿ ಉಳಿಯುವುದು ಅಪರೂಪ. ನೀನು ಪತ್ತೆ ಹಚ್ಚಬೇಕಾದದ್ದು ಉಳಿದ ಗಬ್ಬದ ಕುದುರೆಗಳಿಗೋಸ್ಕರ.

ಸತ್ತ ಮರಿಯನ್ನೂ ಮಾಸನ್ನೂ ಗುಂಡಿಗೆ ಹಾಕಲು ಆಳುಗಳಿಗೆ ಅವಸರ ಇರುತ್ತದೆ. ಬಿಡಬೇಡ. ಗ್ಲೌಸ್ ಹಾಕಿ ಕೂಡಲೇ ಪೋಸ್ಟ್‌ಮಾರ್ಟಂ ಮಾಡು. ಸೆಕೆಯಲ್ಲಿ ಅಂಗಾಂಶ ಬೇಗ ಕೊಳೆಯುತ್ತದೆ. ನೀರು ತುಂಬಿ ಭಾರವಾದ ಶ್ವಾಸಕೋಶ, ಲಿವರ್ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕಿ ಕಂಡರೆ ಸಂಶಯ ಗಟ್ಟಿ. ಚುಕ್ಕಿ ಕಾಣದಿದ್ದರೂ ಕೈಬಿಡಬೇಡ. ಶ್ವಾಸಕೋಶ, ಲಿವರ್, ಗುಲ್ಮ, ಥೈಮಸ್, ಮಾಸು, ಇವುಗಳ ಒಂದೊಂದು ತುಂಡು ಐಸ್ ಮೇಲೆ ಪಿಸಿಆರ್‌ಗೆ, ಇನ್ನೊಂದು 10 ಶೇಕಡಾ ಫಾರ್ಮಲಿನ್‌ಗೆ. ಫಾರ್ಮಲಿನ್‌ನ ತುಂಡು ಒಂದು ಸೆಂಟಿಮೀಟರಿಗಿಂತ ದಪ್ಪ ಬೇಡ, ಒಳಗೆ ಇಳಿಯುವುದಿಲ್ಲ. ಎರಡನ್ನೂ ಅದಲುಬದಲು ಮಾಡಿದರೆ ಲ್ಯಾಬಿನವರು ಏನೂ ಮಾಡಲಾರರು. ಸೂಕ್ಷ್ಮದರ್ಶಕದಲ್ಲಿ ಜೀವಕೋಶದ ಕೇಂದ್ರದೊಳಗೆ ಕೆಂಪು ಬಣ್ಣದ ಉಂಡೆ ಕಂಡು, ಪಿಸಿಆರ್ ಕೂಡ ಪಾಸಿಟಿವ್ ಬಂದರೆ ಮತ್ತೆ ವಾದ ಇಲ್ಲ.

ತಾಯಿಕುದುರೆಯ ರಕ್ತಪರೀಕ್ಷೆಯೊಂದನ್ನೇ ನಂಬಬೇಡ ಮಾತ್ರ. ಕಂದು ಹಾಕುವ ಹೊತ್ತಿಗೆ ಅದರ ಪ್ರತಿಕಾಯ ಏರಿ ಮುಗಿದಿರುವುದೂ ಉಂಟು.

ಸ್ಯಾಂಪಲ್ ಕಳಿಸುವ ಮೊದಲು ಹೆಬ್ಬಾಳದ ಪ್ರಯೋಗಾಲಯಕ್ಕೋ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೋ ಫೋನ್ ಮಾಡಿ ಕೇಳು. ವರದಿಗೆ ಕಾಯುತ್ತ ಕೂರಬೇಡ. ಆ ತಾಯಿಯನ್ನು ಅಂದೇ ಬೇರೆ ಕಟ್ಟಿಸು, ಅದರ ಬಕೆಟ್ಟು, ಅದರ ಆಳು ಉಳಿದ ಗಬ್ಬದ ಕುದುರೆಗಳ ಹತ್ತಿರ ಸುಳಿಯದ ಹಾಗೆ ನೋಡಿಕೋ.