ಮದುವೆಯಾಗುವ ಹುಡುಗ ಶನಿವಾರ ಮಾಂತ್ರಿಕನಾಗುತ್ತಾನೆ!

ಪ್ರಶ್ನೆ: ನನಗೆ 26 ವರ್ಷ. ನಿಶ್ಚಿತಾರ್ಥ ಮುಗಿದಿದೆ, ಮಾಘದಲ್ಲಿ ಮದುವೆ. ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಒಳ್ಳೆಯವರೇ. ಆದರೆ ಶನಿವಾರ ರಾತ್ರಿ ಮೂರು ನಾಲ್ಕು ತಾಸು ಫೋನ್ ಎತ್ತುವುದಿಲ್ಲ. ಗೆಳೆಯರ ಜತೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರಂತೆ, ಅದರಲ್ಲಿ ತಾನು ಮಾಂತ್ರಿಕನಂತೆ. ದೊಡ್ಡಮ್ಮನ ಮಕ್ಕಳ ಹತ್ತಿರ ಇದನ್ನು ಬಾಯಿಬಿಟ್ಟಿದ್ದೇ ತಪ್ಪಾಯಿತು. ‘ದಿ ಬಿಗ್ ಬ್ಯಾಂಗ್ ಥಿಯರಿ’ಯ ತುಣುಕುಗಳನ್ನು ಕಳಿಸಿ ‘ನಿಂಗೆ ಶೆಲ್ಡನ್ನೇ ಸಿಕ್ಕಿದಾನೆ ನೋಡು’ ಎಂದು ಕಾಡುತ್ತಿದ್ದಾರೆ. ನೋಡಿದ ಮೇಲೆ ನನಗೂ ಹೆದರಿಕೆ ಹತ್ತಿದೆ. ಇಂಥವರು ಸಂಸಾರಕ್ಕೆ ಒಗ್ಗುತ್ತಾರೆಯೇ? ಅಪ್ಪನಿಗೆ ಹೇಳಲೇ?
– ಹೆಸರು ಬೇಡ, ಶಿರಸಿ

ಉತ್ತರ: ಅಪ್ಪನಿಗೆ ಈಗಲೇ ಹೇಳಬೇಡಿ. ಹೇಳುವಂಥದ್ದು ಏನಾದರೂ ಇದೆಯೇ ಎಂಬುದು ಮೊದಲು ನಿಮಗೆ ಗೊತ್ತಾಗಲಿ. ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ಒಂದಷ್ಟು ವಿಡಿಯೋ ತುಣುಕು; ಅವನ್ನು ಹುಡುಕಿ ಕಳಿಸಿದವರು ನಿಮ್ಮನ್ನು ರೇಗಿಸಲೆಂದೇ ಕೂತವರು.

ಆ ಧಾರಾವಾಹಿಯನ್ನು ನಾನೂ ನೋಡಿದ್ದೇನೆ. ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿಕೊಂಡು ತೆಗೆದದ್ದು. ದಾಳ ಉರುಳಿಸಿದರೆ ನಗು, ಪಾತ್ರವಾಗಿ ಮಾತಾಡಿದರೆ ಇನ್ನೂ ದೊಡ್ಡ ನಗು. ಅಷ್ಟು ಜನ ನಕ್ಕಿದ್ದು ಕೇಳಿದ ಮೇಲೆ ನಮಗೂ ಅದು ಕೈಲಾಗದವರ ಆಟ ಅನ್ನಿಸಿಬಿಡುತ್ತದೆ. ಆದರೆ ತುಣುಕು ಬಿಟ್ಟು ಇಡೀ ಕಂತು ನೋಡಿ. 2012ರ ಡಿಸೆಂಬರಿನ ‘ದಿ ಸಾಂಟಾ ಸಿಮ್ಯುಲೇಶನ್’ನಲ್ಲಿ ಗೆಳೆಯರ ಆಟವೆಂದರೆ ಸಾಂಟಾ ಕ್ಲಾಸ್‌ನನ್ನು ಸೆರೆಯಿಂದ ಬಿಡಿಸುವುದು. ಶೆಲ್ಡನ್ ಅವನಿದ್ದಲ್ಲಿಗೆ ತಲುಪುತ್ತಾನೆ, ಬಿಡಿಸುವುದಿಲ್ಲ. ಬೇಕೆಂದೇ ಸಾಯಲು ಬಿಟ್ಟು ಬರುತ್ತಾನೆ. ಚಿಕ್ಕವನಿದ್ದಾಗ ತೀರಿಹೋದ ಅಜ್ಜನನ್ನು ವಾಪಸ್ ಕೊಡು ಎಂದು ಸಾಂಟಾನನ್ನು ಕೇಳಿದ್ದನಂತೆ, ಅಜ್ಜ ಬರಲಿಲ್ಲ. ಮರುವರ್ಷದ ‘ದಿ ಲವ್ ಸ್ಪೆಲ್ ಪೊಟೆನ್ಷಿಯಲ್’ನಲ್ಲಿ ಮುಟ್ಟಿದರೆ ಮುನಿಯುವ ಅದೇ ಶೆಲ್ಡನ್ ತನ್ನ ಗೆಳತಿ ಆಮಿಯ ಮೇಲಿನ ಒಲವನ್ನು ತೋಡಿಕೊಳ್ಳುವುದೂ ಆಟದ ಪಾತ್ರದ ಮರೆಯಲ್ಲೇ, ಕೈಯಲ್ಲಿ ದಾಳ ಹಿಡಿದುಕೊಂಡು. ಬರಹಗಾರರ ಜಾಣತನ ನೋಡಿ: ಗೇಲಿ ಮಾಡುವುದೂ ಇದೇ ಆಟವನ್ನು, ಮನಸ್ಸು ಬಿಚ್ಚುವ ಮಾತು ಬೇಕಾದಾಗ ಪಾತ್ರಗಳನ್ನು ಕರೆತಂದು ಕೂರಿಸುವುದೂ ಇದೇ ಮೇಜಿಗೆ.

ನನ್ನನ್ನು ಕೇಳಿದರೆ, ಇದನ್ನು ಇನ್ನೂ ಚೆನ್ನಾಗಿ ಮಾಡಿದ್ದು ‘ಫ್ರೀಕ್ಸ್ ಅಂಡ್ ಗೀಕ್ಸ್’. ಅಲ್ಲಿ ಹಿನ್ನೆಲೆಯ ನಗುವಿಲ್ಲ. 2000ದಲ್ಲಿ ಪ್ರಸಾರವಾದ ಕೊನೆಯ ಕಂತಿನಲ್ಲಿ ಡೇನಿಯಲ್ ಎಂಬ ಪುಂಡ ಹುಡುಗ ಶಾಲೆಯ ಶಿಕ್ಷೆಯ ದೆಸೆಯಿಂದ ‘ಪುಸ್ತಕದ ಹುಳು’ಗಳ ಗುಂಪಿಗೆ ಬಂದು ಬೀಳುತ್ತಾನೆ. ಅವರು ಆಟಕ್ಕೆ ಕರೆಯುತ್ತಾರೆ. ಚರ್ಮದ ಜಾಕೆಟ್ಟಿನ ಈ ಶೂರನಿಗೆ ಸಿಗುವುದು ಒಬ್ಬ ಕುಳ್ಳನ ಪಾತ್ರ, ಅದಕ್ಕೆ ಅವನಿಡುವ ಹೆಸರು ಕಾರ್ಲೋಸ್. ಸ್ವಲ್ಪ ಹೊತ್ತಿಗೆಲ್ಲ ಮೈಮರೆತು ಆಡುತ್ತಿರುತ್ತಾನೆ. ಮತ್ತೆ ಆಡೋಣವೇ ಎಂದು ಅವನೇ ಕೇಳಿದಾಗ ಉಳಿದವರ ಮುಖ ನೋಡಬೇಕು. ದೊಡ್ಡಮ್ಮನ ಮಕ್ಕಳಿಗೆ ನೀವೂ ಒಂದು ತುಣುಕು ಕಳಿಸುವುದಾದರೆ ಇದನ್ನು ಕಳಿಸಿ.

ಇನ್ನು ಆಟದ ವಿಷಯ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಅಮೆರಿಕದಲ್ಲಿ ಹೊರತಂದದ್ದು. ನೀವು ಶಿರಸಿಯವರಾದ್ದರಿಂದ ವಿವರಿಸುವುದು ಸುಲಭ, ತಾಳಮದ್ದಳೆ ಕೇಳಿಯೇ ಇರುತ್ತೀರಿ. ವೇಷವಿಲ್ಲ, ಕುಣಿತವಿಲ್ಲ, ಬೆಳಿಗ್ಗೆ ಬ್ಯಾಂಕಿಗೋ ಶಾಲೆಗೋ ಹೋಗುವವರು ರಾತ್ರಿ ಶಾಲು ಹೊದ್ದು ಕೂತು ಕರ್ಣನಾಗಿ, ಶಲ್ಯನಾಗಿ ವಾದಿಸುತ್ತಾರೆ. ಇಲ್ಲಿಯೂ ಕೂತಲ್ಲೇ ಮಾತು. ‘ಡಂಜನ್ ಮಾಸ್ಟರ್’ ಎಂಬಾತ ಕಥೆ ನಡೆಸುತ್ತಾನೆ, ಉಳಿದವರು ತಂತಮ್ಮ ಪಾತ್ರವಾಗಿ ಮಾತಾಡುತ್ತಾರೆ. ಆದರೆ ಪ್ರಸಂಗ ಮೊದಲೇ ಗೊತ್ತಿರುವುದಿಲ್ಲ. ಏಟು ಬಿತ್ತೋ ತಪ್ಪಿತೋ ಎಂಬುದನ್ನು 20 ಮುಖದ ದಾಳ ಹೇಳುತ್ತದೆ. ಎದುರಾಳಿಯನ್ನು ಸೋಲಿಸಿ ಒಬ್ಬ ಗೆಲ್ಲುವ ಆಟ ಇದಲ್ಲ, ಪಣದ ದುಡ್ಡೂ ಇಲ್ಲ. ಖರ್ಚೆಂದರೆ ನಿಯಮದ ಪುಸ್ತಕ, ಒಂದಿಷ್ಟು ದಾಳ. ಕಂತು ಕಂತಾಗಿ ಮುಂದುವರಿಯುವುದರಿಂದ ಒಬ್ಬರು ಕೈಕೊಟ್ಟರೆ ಉಳಿದವರ ಸಂಜೆಯೂ ಹಾಳು. ಅವರು ಶನಿವಾರ ತಪ್ಪಿಸದಿರುವುದಕ್ಕೆ ಕಾರಣ ಬಹುಶಃ ಅಷ್ಟೇ.

ಆದರೆ ಫೋನ್ ಎತ್ತದ ವಿಷಯವನ್ನು ನಾನು ತಳ್ಳಿಹಾಕುವುದಿಲ್ಲ. ನಿಮ್ಮ ಪತ್ರದಲ್ಲಿ ನಿಜವಾಗಿ ಚುಚ್ಚುತ್ತಿರುವುದು ಮಾಂತ್ರಿಕನಲ್ಲ, ಅದು. ನೇರವಾಗಿ ಕೇಳಿ: ‘ತುರ್ತಿದ್ದರೆ ಏನು ಮಾಡಲಿ? ಮದುವೆಯಾದ ಮೇಲೂ ಪ್ರತಿ ಶನಿವಾರವೇ? ಆ ಹೊತ್ತಿನಲ್ಲಿ ನಾನು ಎಲ್ಲಿರಬೇಕು?’ ಮುಖ ಗಂಟಿಕ್ಕದೆ ಕೂತು ಮಾತಾಡಿದರೆ ಅರ್ಧ ಚಿಂತೆ ಕಳೆಯಿತು. ಸುಳ್ಳು ಹೇಳಿದರೆ, ಸಾಲ ಮಾಡಿದರೆ, ಮನೆಯಲ್ಲಿ ಕಾಯಿಲೆ ಇದ್ದಾಗಲೂ ಎದ್ದು ಬಾರದಿದ್ದರೆ ಆಗ ಅಪ್ಪನಿಗೆ ಹೇಳಿ. ಆ ಮಾತು ಕ್ರಿಕೆಟ್ ಆಡುವವರಿಗೂ ಇಸ್ಪೀಟು ಆಡುವವರಿಗೂ ಸಲ್ಲುತ್ತದೆ.

ಬೆಂಗಳೂರಿಗೆ ಹೋದಾಗ ಒಂದು ಶನಿವಾರ ಆ ಮೇಜಿನ ಪಕ್ಕ ಕೂತು ನೋಡಿ. ಮೇಜಿನಲ್ಲಿರುವವರೆಲ್ಲ ಸಜ್ಜನರೇ ಆಗಿರಬೇಕೆಂದಿಲ್ಲ. ‘ಕಮ್ಯುನಿಟಿ’ ಧಾರಾವಾಹಿಯ 2011ರ ಕಂತೊಂದರಲ್ಲಿ ಕುಗ್ಗಿಹೋಗಿದ್ದ ನೀಲ್ ಎಂಬ ಹುಡುಗನನ್ನು ಬದುಕಿನತ್ತ ಎಳೆಯಲು ಸಹಪಾಠಿಗಳು ಈ ಆಟ ಏರ್ಪಡಿಸುತ್ತಾರೆ. ಪಿಯರ್ಸ್ ಎಂಬಾತ ಅಲ್ಲಿಗೂ ನುಗ್ಗಿ, ಆಟದೊಳಗೇ ಅವನ ಖಡ್ಗ ಕಸಿದು ಹೀಯಾಳಿಸುತ್ತಾನೆ. ಹಾಗಾಗಿ ನಿಮ್ಮವರು ಇನ್ನೊಬ್ಬರ ಸರದಿಯಲ್ಲಿ ಬಾಯಿ ಹಾಕುತ್ತಾರೋ, ದಾಳ ಕೈಕೊಟ್ಟಾಗ ಸಿಡುಕುತ್ತಾರೋ, ಆಟ ಗೊತ್ತಿಲ್ಲದ ನಿಮಗೆ ತಾಳ್ಮೆಯಿಂದ ವಿವರಿಸುತ್ತಾರೋ ಗಮನಿಸಿ. ಹೋಟೆಲಿನಲ್ಲಿ ಎದುರುಬದುರು ಕೂತು ಕಾಫಿ ಕುಡಿದರೆ ಇಷ್ಟು ತಿಳಿಯುವುದಿಲ್ಲ.

ಹೋಗುವ ಮೊದಲು ಅವರ ಮಾಂತ್ರಿಕನ ಹೆಸರೇನು, ಊರು ಯಾವುದು ಎಂದು ಕೇಳಿಡಿ. ಸ್ವಲ್ಪ ಬಿಡುವು ಮಾಡಿಕೊಂಡೇ ಕೇಳಿ. ಇದನ್ನು ಆಡುವವರು ಆ ಪ್ರಶ್ನೆಗೆ ಚುಟುಕಾಗಿ ಉತ್ತರಿಸಿದ್ದನ್ನು ನಾನಂತೂ ಕಂಡಿಲ್ಲ.